ಹಗೇವಿನ ರಾಗಿ, ಗಿರಣಿಯ ಅಕ್ಕಿ: ಒಂದು ಸೀಮೆಯ ಊಟದ ಚರಿತ್ರೆ

ದೇಶದ ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಕೌಲುಕರಾರುಗಳ ಪರಂಪರೆಯೆಂದು ನಾವು ಬಹುಕಾಲದಿಂದ ಎಣಿಸಿಕೊಂಡು ಬಂದಿದ್ದೇವೆ. ಆದರೆ ಪ್ರಜೆಗಳು ಹೊತ್ತುಹೊತ್ತಿಗೆ ಏನನ್ನು ಉಂಡರು, ಎಷ್ಟು ಉಂಡರು, ಮನೆಯಲ್ಲಿ ಯಾರು ಮೊದಲು ಉಂಡರು, ಯಾರು ಕಡೆಗೆ ಉಂಡರು ಎಂಬುದಕ್ಕೂ ಒಂದು ಚರಿತ್ರೆಯುಂಟು. ಶಾಸನಗಳಲ್ಲಿ ಅದು ಅಪರೂಪವಾಗಿ ಮಾತ್ರ ಕಾಣುವುದು. ಬಹುಭಾಗ ಬರೆಯಲ್ಪಟ್ಟಿರುವುದು ಮನುಷ್ಯರ ಮೂಳೆಯಲ್ಲಿ, ರಕ್ತದಲ್ಲಿ, ಹುಟ್ಟುವ ಕೂಸಿನ ತೂಕದಲ್ಲಿ. “ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಊಟವನ್ನು ಬಲ್ಲವನಾಗುವುದು ಒಬ್ಬನ ಇಚ್ಛೆಗೆ ಮಾತ್ರ ಸೇರಿದ ವಿಷಯವೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಮೈಸೂರು ನಾಡಿನ ಒಂದು ಮೂಲೆಯಿಂದ ಹೊರಟು, ಕೊಂಚ ವಿಚಾರ ಮಾಡೋಣ.

ಆ ಮೂಲೆ ಎಮ್ಮೆದೊಡ್ಡಿ. ಹಿಂದೆ ಕಡೂರು ಜಿಲ್ಲೆಯೆನಿಸಿ, 1947ರಿಂದ ಚಿಕ್ಕಮಗಳೂರು ಜಿಲ್ಲೆಯೆನಿಸಿರುವ ಪ್ರಾಂತದಲ್ಲಿ, ಬಾಬಾಬುಡನ್ ಗಿರಿಗಳ ಮೂಡಣ ಮಗ್ಗುಲಿಗೆ, ಕಡೂರು ತಾಲ್ಲೂಕಿಗೆ ಸೇರಿದ ಊರು ಅದು. ಗಿರಿಯ ಪಡುವಣ ಪಕ್ಕದಲ್ಲಿ ಮಳೆ ಧಾರಾಕಾರವಾಗಿ ಸುರಿದು ಕಾಫಿ, ಏಲಕ್ಕಿ, ಭತ್ತಗಳು ಬೆಳೆಯುವುವು. ಮೂಡಣ ಪಕ್ಕಕ್ಕೆ ಉಳಿಯುವುದು ಮೋಡಗಳ ಶೇಷ ಮಾತ್ರ. ಗಿರಿಯಿಂದಿಳಿದ ನೀರು ಅಯ್ಯನಕೆರೆಯಲ್ಲಿಯೂ ಮದಗದ ಕೆರೆಯಲ್ಲಿಯೂ ನಿಂತು, ಅಲ್ಲಿಂದ ಮುಂದೆ ವೇದಾ ಮತ್ತು ಅವತಿ ಎಂಬ ಹೊಳೆಗಳಾಗಿ ಹರಿದು, ಕಡೂರಿನ ಬಳಿ ಕೂಡಿ ವೇದಾವತಿಯೆನಿಸುವುದು. ಕೆರೆಯ ಕೆಳಗೆ ತೆಂಗು, ಅಡಕೆ, ಭತ್ತ, ಕೆರೆಯ ನೀರು ಏರದ ಕಡೆಯೆಲ್ಲ ರಾಗಿ, ಜೋಳ, ಹುರುಳಿ, ಅದರಿಂದಾಚೆಗೆ ಹುಲ್ಲುಗಾವಲು. ಹೀಗೆ ಕೆಲವು ಹರಿದಾರಿಗಳೊಳಗೆ ಮೂರು ಬಗೆಯ ನೆಲವೂ ಮೂರು ಬಗೆಯ ಅಡಿಗೆಯೂ ಒಂದರ ಪಕ್ಕದಲ್ಲೊಂದು ನಿಂತಿರುವ ಸೀಮೆ ಇದು.

ಎಮ್ಮೆಯ ಹೆಸರನ್ನೂ ದೊಡ್ಡಿಯ ಹೆಸರನ್ನೂ ಊರಿನ ಹೆಸರಿನಲ್ಲಿಯೇ ಹೊತ್ತ ಈ ಸೀಮೆ ದನಕರುಗಳ ಸೀಮೆ. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಿನ ಕಾವಲುಗಳಲ್ಲಿ ಮೇಯ್ದು ಬೆಳೆದ ಅಮೃತಮಹಲ್ ತಳಿಯ ಕೀರ್ತಿಯನ್ನು ಎಲ್ಲರೂ ಬಲ್ಲರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 1672ರಿಂದ 1704ರವರೆಗಿನ ಆಳಿಕೆಯಲ್ಲಿ, ಅರಮನೆಯ ಈ ಹಿಂಡುಗಳ ಇಲಾಖೆಗೆ ಬೆಣ್ಣೆಚಾವಡಿಯೆಂದು ಹೆಸರಿದ್ದಿತು. ಟೀಪು ಸುಲ್ತಾನನು ಅದನ್ನು ಅಮೃತಮಹಲ್ ಎಂದು ಕರೆದನು. ಬೆಣ್ಣೆಗೆಂದು ಹೆಸರಾದ ಇಲಾಖೆ ದಂಡಿನ ಫಿರಂಗಿಯನ್ನೆಳೆಯುವ ಎತ್ತುಗಳಿಗಾಗಿ ಪ್ರಸಿದ್ಧವಾದುದು ಚರಿತ್ರೆಯ ಒಂದು ಸೋಜಿಗ. ಈ ತಳಿಯ ಹಸು ಹಾಲಿಗೆ ಹೆಸರಾದುದಲ್ಲ. ನಡಿಗೆಗೂ ತಾಳಿಕೆಗೂ ಹೆಸರಾದುದು. ಅಜ್ಜಂಪುರದ ತಳಿಸಂವರ್ಧನ ಕೇಂದ್ರವೂ, 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲ್ಪಟ್ಟ ಕಡೂರು ತಾಲ್ಲೂಕಿನ ಬಾಸೂರು ಕಾವಲೂ ಆ ಹಳೆಯ ವ್ಯವಸ್ಥೆಯ ಕುರುಹುಗಳಾಗಿ ನಿಂತಿವೆ.

ಈ ಬೆಣ್ಣೆಯ ಮಾತಿನಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಸೂಕ್ಷ್ಮವಿದೆ. ಬೆಣ್ಣೆ, ತುಪ್ಪಗಳು ಹಗುರವಾಗಿ ಸಾಗುವ, ಬೆಲೆ ಬಾಳುವ ವಸ್ತುಗಳಾದುದರಿಂದ ಅವು ಹಳ್ಳಿಯನ್ನು ಬಿಟ್ಟು ಅರಮನೆಗೂ ಪೇಟೆಗೂ ಹೋಗುವುವು. ಮಜ್ಜಿಗೆ ಸಾಗುವ ವಸ್ತುವಲ್ಲ. ಅದು ಹಳ್ಳಿಯಲ್ಲಿಯೇ ಉಳಿಯುವುದು. ಹಾಲಿನ ಕೊಬ್ಬು ಪಟ್ಟಣದ ಪಾಲಾದರೂ ಅದರ ಮಾಂಸವರ್ಧಕ ಸತ್ತ್ವವೂ ಸುಣ್ಣದ ಅಂಶವೂ ಮಜ್ಜಿಗೆಯಲ್ಲಿ ಉಳಿದು, ಬಡವನ ಮುದ್ದೆಯ ಜೊತೆಗೆ ಅವನ ಹೊಟ್ಟೆಯನ್ನು ಸೇರಿತು. ಯಾವ ವೈದ್ಯನೂ ಬರೆದುಕೊಡದಿದ್ದ ಈ ಏರ್ಪಾಡು ತಲೆಮಾರುಗಳವರೆಗೆ ನಡೆಯಿತು. ಹಾಲು ಕರೆದಂತೆಯೇ ಮಾರಾಟವಾಗಿ ಹೋಗುವ ಕಾಲ ಬಂದ ಮೇಲೆ ಹಣ ಮನೆಗೆ ಬರುವುದು, ಮಜ್ಜಿಗೆ ಬರುವುದಿಲ್ಲ. ಲಾಭವೋ ನಷ್ಟವೋ ಎಂಬುದು ಆ ಹಣದಿಂದ ಮನೆಯವರು ಏನನ್ನು ಕೊಂಡು ತರುವರೆಂಬುದನ್ನು ಅವಲಂಬಿಸಿರುವುದು.

ಇನ್ನು ರಾಗಿಯ ವಿಚಾರ. ಹದಿನಾರನೆಯ ಶತಮಾನದ ಕನಕದಾಸರು ತಮ್ಮ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ನರೆದಲೆಗನೆಂಬ ರಾಗಿಗೂ ಜಗಳ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕಡೆಗೆ ಕೆಡದೆ ಉಳಿದ ರಾಗಿಗೆ ರಾಮನಿಂದ ಮನ್ನಣೆ ಕೊಡಿಸಿರುವರು. ಕಾವ್ಯವನ್ನು ಕುಲದ ಹೆಮ್ಮೆಯ ಮೇಲಣ ವಿಡಂಬನೆಯೆಂದು ಓದುವುದು ರೂಢಿ, ಅದು ಸರಿಯೇ. ಆದರೆ ಅದರ ಅಡಿಯಲ್ಲಿ ಒಬ್ಬ ಒಕ್ಕಲಿಗನಿಗೂ ತಿಳಿದ ಸತ್ಯವೊಂದಿದೆ: ರಾಗಿಗೆ ಹುಳು ಹತ್ತುವುದು ಅಪರೂಪ. ಒಣನೆಲದಲ್ಲಿ ತೋಡಿದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ಅದು ಹಲವು ವರ್ಷ ಕೆಡದೆ ಇರುವುದು. ಮಳೆಯನ್ನು ನಂಬಲಾಗದ ಸೀಮೆಯಲ್ಲಿ ಹಗೇವು ಎಂಬುದು ಊರಿನ ಬೊಕ್ಕಸವಾಗಿದ್ದಿತು. 1800 ಮತ್ತು 1801ರಲ್ಲಿ ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಬೇಸಾಯವನ್ನು ವಿಸ್ತಾರವಾಗಿ ವರ್ಣಿಸಿರುವನು.

ರಾಗಿಯ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕೆಲವು ಸಾಲು ರಾಗಿಯ ಮಧ್ಯೆ ಅಕ್ಕಡಿ ಸಾಲೆಂದು ಬಿಟ್ಟು, ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳಗಳನ್ನು ಬಿತ್ತುವುದು ಹಳೆಯ ಬೇಸಾಯದ ಪದ್ಧತಿ. ಒಂದು ಬೆಳೆ ಹೋದರೆ ಇನ್ನೊಂದು ಕೈ ಹಿಡಿಯಲೆಂಬುದು ಅದರ ಉದ್ದೇಶ. ಆದರೆ ಅದೇ ಹೊಲವನ್ನು ಊಟದ ತಣಿಗೆಯೆಂದು ನೋಡಿದರೆ ಅದರಲ್ಲಿ ಸಮಸ್ತವೂ ಇದೆ: ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ಕಳೆಯೆಂದು ಕಿತ್ತ ಗಿಡಗಳಲ್ಲಿ ಸೊಪ್ಪು. ಉಪ್ಪೆಸರು, ಬಸ್ಸಾರು, ಮಸ್ಸೊಪ್ಪುಗಳೆಲ್ಲ ಹುಟ್ಟಿದುದು ಈ ಅಕ್ಕಡಿ ಸಾಲಿನಲ್ಲಿ.

ಆದರೆ ಹಳೆಯ ಕಾಲವನ್ನು ಹೊನ್ನಿನ ಕಾಲವೆಂದು ಹೊಗಳುವ ಮುನ್ನ 1876ರಿಂದ 1878ರವರೆಗಿನ ಮಹಾ ಕ್ಷಾಮವನ್ನು ನೆನೆಯಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕಿಂತ ಹೆಚ್ಚಾಗಿ ಕುಗ್ಗಿತು. ಕಡೂರು ಸೀಮೆಗೆ ಆಗ ರೈಲಿರಲಿಲ್ಲ. ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯ ಅಲ್ಲಿಂದ ಮುಂದೆ ಎತ್ತಿನ ಗಾಡಿಯಲ್ಲಿ ಸಾಗಬೇಕಾಗಿದ್ದಿತು. ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದುವು. ಎಷ್ಟು ದೊಡ್ಡ ಹಗೇವಾದರೂ ಒಂದರ ಮೇಲೊಂದು ಮಳೆ ತಪ್ಪಿದರೆ ಬರಿದಾಗುವುದೇ ಸರಿ.

ಆ ಕ್ಷಾಮದ ನಡುವೆ ದಕ್ಷಿಣದೇಶದಲ್ಲಿ ನಡೆದ ಒಂದು ವಾದ ಇಂದಿಗೂ ಸ್ಮರಣೀಯವಾಗಿದೆ. ಕಾಮಗಾರಿಯಲ್ಲಿ ದುಡಿಯುವ ಕೂಲಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಜೊತೆಗೆ ಅಲ್ಪ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬ ವೈದ್ಯನು, ಇದು ಮನುಷ್ಯನನ್ನು ಕೊಲ್ಲದೆ ನಿಧಾನವಾಗಿ ಕರಗಿಸುವ ಪಡಿಯೆಂದೂ, ಧಾನ್ಯದ ಜೊತೆಗೆ ಬೇಳೆಕಾಳುಗಳಿಲ್ಲದೆ ದುಡಿಯುವ ದೇಹ ನಿಲ್ಲದೆಂದೂ ಪ್ರತಿಭಟಿಸಿದನು. ಕೆಲವು ತಿಂಗಳಲ್ಲಿ ಮದರಾಸು ಸರ್ಕಾರ ಆ ನಿಯಮವನ್ನು ಸಡಿಲಿಸಿತು. ಹೊಟ್ಟೆ ತುಂಬುವುದು ಬೇರೆ, ದೇಹ ಪುಷ್ಟಿಯಾಗುವುದು ಬೇರೆ ಎಂಬ ವಿವೇಕ ಸರ್ಕಾರದ ಕಡತದೊಳಗೆ ಪ್ರವೇಶಿಸಿದುದು ಹೀಗೆ, ಲಕ್ಷಾಂತರ ಜನರ ಪ್ರಾಣದ ಬೆಲೆ ತೆತ್ತು.

ಆ ಬಳಿಕ ಬಂದುದು ಗಿರಣಿಯ ಯುಗ. ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತೌಡಿನ ಅಂಶ ಕೊಂಚ ಉಳಿಯುತ್ತಿದ್ದಿತು. ಯಂತ್ರದಲ್ಲಿ ತಿರುಗಿದ ಅಕ್ಕಿ ಮಲ್ಲಿಗೆಯಂತೆ ಬೆಳ್ಳಗೆ ಬಂದಿತು. ಆ ಬಿಳುಪಿನ ಬೆಲೆ ಏನೆಂಬುದು ಮೊದಲು ತಿಳಿದುದು ಜಾವಾ ದ್ವೀಪದಲ್ಲಿ. ಐಕ್‌ಮನ್ ಎಂಬ ಡಚ್ ವೈದ್ಯನು 1890ರ ದಶಕದಲ್ಲಿ, ನಯಮಾಡಿದ ಅಕ್ಕಿಯನ್ನು ಮಾತ್ರ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ತೌಡು ಸೇರಿದ ಅಕ್ಕಿಯಿಂದ ಅವು ಚೇತರಿಸಿಕೊಳ್ಳುವುದನ್ನೂ ಕಂಡನು. ಮನುಷ್ಯರ ಬೆರಿಬೆರಿ ರೋಗದ ಕೀಲಿಕೈ ದೊರೆತುದು ಅಲ್ಲಿಯೇ. 1912ರಲ್ಲಿ ಫಂಕ್ ಎಂಬಾತನು ಇಂತಹ ವಸ್ತುಗಳಿಗೆ ಜೀವಸತ್ತ್ವದ ಹೆಸರು ಕೊಟ್ಟನು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಕರಾವಳಿಯವರ ಕುಸುಬಲಕ್ಕಿಯಲ್ಲಿ, ಭತ್ತವನ್ನು ಸಿಪ್ಪೆಸಹಿತ ಬೇಯಿಸುವಾಗ ತೌಡಿನ ಸತ್ತ್ವ ಕಾಳಿನ ಒಳಕ್ಕೆ ಇಳಿಯುವುದರಿಂದ, ಗಿರಣಿ ಅದನ್ನು ಸಂಪೂರ್ಣವಾಗಿ ಕಸಿಯಲಾರದು. ಹಳೆಯ ಮೈಸೂರಿನವರಿಗೆ ಪ್ರಿಯವಾದ ಬೆಳ್ತಿಗೆ ಅಕ್ಕಿಗೆ ಈ ರಕ್ಷೆಯಿಲ್ಲ. ಅದನ್ನು ಹಲವು ನೀರಿನಲ್ಲಿ ತೊಳೆದು, ಬೇಯಿಸಿ, ಗಂಜಿಯನ್ನು ಬಸಿದು ಚೆಲ್ಲಿದರೆ ಉಳಿದಿದ್ದ ಸ್ವಲ್ಪವೂ ಬಚ್ಚಲಿಗೆ ಹೋಗುವುದು.

ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ನಡೆಸಿದ ಪ್ರಯೋಗಗಳು ಈ ಜ್ಞಾನವನ್ನು ನಮ್ಮ ಬಾಗಿಲಿಗೇ ತಂದುವು. ಹಿಂದೂದೇಶದ ನಾನಾ ಪ್ರಾಂತಗಳ ಜನರ ಊಟವನ್ನು ಅವನು ಇಲಿಗಳ ಗುಂಪುಗಳಿಗೆ ಬೇರೆಬೇರೆಯಾಗಿ ಹಾಕಿದನು. ತವುಡು ತೆಗೆಯದ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳಿಂದ ಕೂಡಿದ ಸಿಖ್ಖರ ಊಟದಲ್ಲಿ ಇಲಿಗಳು ಪುಷ್ಟವಾದುವು. ಹಾಲು, ತರಕಾರಿಗಳು ಅಲ್ಪವಾಗಿ, ಬಿಳಿಯ ಅಕ್ಕಿಯೇ ಮುಖ್ಯವಾದ ಮದರಾಸಿನ ಬಡವರ ಊಟದಲ್ಲಿ ಕೃಶವಾಗಿ ರೋಗಕ್ಕೆ ಈಡಾದುವು. ಗೋಧಿ ಮೇಲು, ಅಕ್ಕಿ ಕೀಳು ಎಂದು ಇದರಿಂದ ಸಾರಾಂಶ ತೆಗೆಯುವುದು ತಪ್ಪಾಗುವುದು. ಧಾನ್ಯದ ಜೊತೆಗೆ ತಣಿಗೆಯಲ್ಲಿ ಮತ್ತೇನಿದ್ದಿತೆಂಬುದೇ ಅಲ್ಲಿ ಮುಖ್ಯವಾದುದು. ಅವನ ತರುವಾಯ ಬಂದ ಆಯ್ಕ್ರಾಯ್ಡ್ 1937ರಲ್ಲಿ ನಮ್ಮ ಆಹಾರಪದಾರ್ಥಗಳ ಸತ್ತ್ವದ ಪಟ್ಟಿಯನ್ನು ಪ್ರಕಟಿಸಿದನು. ಆ ಪರಂಪರೆಯ 2017ರ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಸುಮಾರು 364 ಮಿಲಿಗ್ರಾಂ. ನಯಮಾಡಿದ ಅಕ್ಕಿಯಲ್ಲಿ ಸುಮಾರು 7. ನಾರಿನ ಅಂಶ ರಾಗಿಯಲ್ಲಿ ಸುಮಾರು 11 ಗ್ರಾಂ. ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ಕನಕದಾಸರ ಸೆರೆಮನೆಯ ತೀರ್ಪನ್ನು ರಸಾಯನಶಾಲೆಯೂ ಈ ಮಟ್ಟಿಗೆ ಎತ್ತಿಹಿಡಿಯಿತೆನ್ನಬಹುದು.

ಹೀಗಿದ್ದರೂ ಅಕ್ಕಿಯೇ ಗೆದ್ದುದೇಕೆ? ಜನ ಮೂಢರಾದುದರಿಂದಲ್ಲ. ಒಣನಾಡಿನಲ್ಲಿ ಅನ್ನವು ಹಬ್ಬದ ಊಟ, ಮದುವೆಯ ಊಟ, ಅಧಿಕಾರಿಯ ಊಟವಾಗಿದ್ದಿತು. ಮುದ್ದೆ ದುಡಿಯುವವನದು, ಅನ್ನ ಕುಳಿತಿರುವವನದು ಎಂಬ ಭಾವನೆ ಬೇರೂರಿದ್ದಿತು. ನಾಲೆಗಳು ಹರಿದಂತೆ ಭತ್ತದ ನೆಲ ಹೆಚ್ಚಿತು. 1942ರಲ್ಲಿ ಬರ್ಮದ ಅಕ್ಕಿ ನಿಂತುಹೋದ ಮೇಲೆ ಬಂದ ರೇಷನ್ನಿನ ಪದ್ಧತಿ, ಯುದ್ಧ ಮುಗಿದ ಮೇಲೂ ರೂಪಾಂತರಗೊಂಡು ಉಳಿಯಿತು. ಕಾಲಕ್ರಮದಲ್ಲಿ ಸರ್ಕಾರ ಕೊಂಡು ಹಂಚುವ ಧಾನ್ಯಗಳೆಂದರೆ ಮುಖ್ಯವಾಗಿ ಅಕ್ಕಿ, ಗೋಧಿಗಳೆಂದಾಯಿತು. 2013ರಲ್ಲಿ ಮೊದಲಾದ ಅನ್ನಭಾಗ್ಯದಿಂದ ಬಡವನ ಮನೆಯಲ್ಲಿ ಹಸಿವು ಹಿಂದೆಗೆದುದು ಸಾಮಾನ್ಯವಾದ ಸಾಧನೆಯಲ್ಲ. 1877ನ್ನು ಬಲ್ಲ ಯಾವ ಚರಿತ್ರಕಾರನೂ ಅದನ್ನು ಹಗುರವಾಗಿ ಕಾಣಲಾರನು. ಆದರೆ ಮನೆಗೆ ಅಕ್ಕಿ ತಾನಾಗಿ ಬರುವಾಗ, ಬಿತ್ತಿ, ಕಳೆ ಕಿತ್ತು, ಬಡಿದು, ಬೀಸಬೇಕಾದ ರಾಗಿಗೆ ಯಾರು ಬೆವರು ಸುರಿಸುವರು? ರಾಗಿಯ ಹೊಲ ಕುಗ್ಗಿದರೆ ಅಕ್ಕಡಿ ಸಾಲಿನ ಕಾಳು, ಸೊಪ್ಪುಗಳೂ ಅದರೊಡನೆಯೇ ಹೋಗುವುವು. ರಾಗಿಯ ಬೆಳೆಯನ್ನು ಉಳಿಸಿದವರನ್ನೂ ಇಲ್ಲಿ ನೆನೆಯಬೇಕು. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಸಿದ್ಧಮಾಡಿ ಇಳುವರಿಯನ್ನು ಹೆಚ್ಚಿಸದಿದ್ದಲ್ಲಿ, ಈ ಧಾನ್ಯ ನಮ್ಮ ಹೊಲಗಳಿಂದ ಇನ್ನೂ ಬೇಗನೆ ಮರೆಯಾಗುತ್ತಿದ್ದಿತು.

ಈಗ ಚರಿತ್ರೆಯ ಮತ್ತೊಂದು ಕಡತವನ್ನು ತೆರೆಯೋಣ. ಮೈಸೂರು ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಶ್ರದ್ಧೆಯಿಂದ ಬರೆದಿಡುತ್ತಿದ್ದರು. ಬರೆದ ದಾದಿಯರಿಗೆ ಅದರಿಂದ ಮುಂದೇನಾಗುವುದೆಂದು ತಿಳಿದಿರಲಾರದು. ಅರ್ಧಶತಮಾನ ಕಳೆದ ಮೇಲೆ ಆಂಗ್ಲ ವೈದ್ಯರೂ ಮೈಸೂರಿನ ವೈದ್ಯರೂ ಕೂಡಿ, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋಗ್ರಾಮಿನಷ್ಟೋ ಅದಕ್ಕಿಂತ ಕಡಿಮೆಯೋ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ರೋಗವಿದ್ದಿತು. ಮೂರು ಕಿಲೋಗ್ರಾಮಿಗಿಂತ ಮೇಲಾಗಿ ಚೆನ್ನಾಗಿ ಬೆಳೆದು ಹುಟ್ಟಿದವರಲ್ಲಿ ನೂರಕ್ಕೆ 3. ತಾಯಿಯ ತೂಕ ಕಡಿಮೆಯಿದ್ದಲ್ಲಿಯೂ ಮಗುವಿಗೆ ಮುಂದೆ ಈ ರೋಗದ ಭಯ ಹೆಚ್ಚಾಗಿದ್ದಿತು.

ಇದರ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ಐವತ್ತರ ವಯಸ್ಸಿನಲ್ಲಿ ಎದೆ ಹಿಡಿದುಕೊಳ್ಳುವವನ ಕಾಯಿಲೆಯ ಮೊದಲ ಅಕ್ಷರವು ಅವನ ತಾಯಿ ಬಸುರಿಯಾಗಿದ್ದಾಗ ಉಂಡ, ಅಥವಾ ಉಣ್ಣದೆ ಬಿಟ್ಟ, ಊಟದಲ್ಲಿ ಬರೆಯಲ್ಪಟ್ಟಿರಬಹುದು. ಕೊರತೆಯಲ್ಲಿ ಬೆಳೆದ ದೇಹವು ಕೊರತೆಗೆ ತಕ್ಕಂತೆ ತನ್ನನ್ನು ಅಳವಡಿಸಿಕೊಳ್ಳುವುದು. ತರುವಾಯ ಸಮೃದ್ಧಿ ಬಂದಾಗ ಅದನ್ನು ತಾಳಲಾರದೆ ಹೋಗುವುದು ಎಂಬುದು ಈ ವಿದ್ವಾಂಸರ ಊಹೆ. ಗಂಡಸರ ಪಂಕ್ತಿ ಎದ್ದು, ಮಕ್ಕಳು ಉಂಡು, ಪಾತ್ರೆಯ ತಳದಲ್ಲಿ ಉಳಿದುದನ್ನು ಹೆಂಗಸರು ಉಣ್ಣುವ ಪದ್ಧತಿಯನ್ನು ಸಂಸಾರದ ಮರ್ಯಾದೆಯೆಂದು ನಾವು ಬಹುಕಾಲ ಕೊಂಡಾಡಿದೆವು. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುವುದೆಂದು ಅವಳ ತುತ್ತನ್ನು ಹಿಡಿದುದೂ ಉಂಟು. ಆ ಮರ್ಯಾದೆಯ ಲೆಕ್ಕ ಎರಡು ತಲೆಮಾರಿನ ಹೃದಯದ ಮೇಲೆ ಬಿದ್ದಿತೆಂದು ಆಸ್ಪತ್ರೆಯ ಹಳೆಯ ಪುಸ್ತಕ ಸೂಚಿಸುತ್ತಿದೆ.

ಇಂದಿನ ಸ್ಥಿತಿಯೋ ಇದರ ಮುಂದಿನ ಅಧ್ಯಾಯ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 11.4 ಮಂದಿ, ಎಂದರೆ ಸುಮಾರು 10 ಕೋಟಿ ಜನ, ಮಧುಮೇಹಿಗಳು. ಇನ್ನೂ ಸುಮಾರು 13 ಕೋಟಿಗೂ ಮೇಲ್ಪಟ್ಟವರು ಅದರ ಹೊಸ್ತಿಲಿನಲ್ಲಿರುವರು. ಹಿಂದೆ ಸಿರಿವಂತರ ರೋಗವೆನಿಸಿದ್ದುದು ಈಗ ಮುದ್ದೆಯ ನಾಡನ್ನೂ ಹೊಕ್ಕಿದೆ. ಇದನ್ನು ಕಂಡು, “ಅಕ್ಕಿ ಬಿಡಿ, ರಾಗಿ ಹಿಡಿಯಿರಿ” ಎಂಬ ಉಪದೇಶ ಪಟ್ಟಣಗಳಲ್ಲಿ ಪ್ರಬಲವಾಗಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ, ಹಿಂದೆ ಕೀಳೆನಿಸಿದ ಧಾನ್ಯ ಅಂದವಾದ ಪೊಟ್ಟಣ ಸೇರಿ ಮೇಲಾಗಿ ಕುಳಿತಿದೆ.

ಚರಿತ್ರೆಯನ್ನು ಬಲ್ಲವರು ಈ ಉಪದೇಶವನ್ನು ಪೂರ್ತಿಯಾಗಿ ಒಪ್ಪಲಾರರು. ಧಾನ್ಯವೊಂದನ್ನೇ ನೆಚ್ಚುವುದು, ಅದು ಯಾವ ಧಾನ್ಯವೇ ಆಗಲಿ, ಅಪಾಯ. ದಖ್ಖಣದಲ್ಲಿ ಜೋಳವೊಂದನ್ನೇ ತಿಂದು ಬದುಕಿದ ಬಡವರಲ್ಲಿ ಚರ್ಮ ಬಿರಿಯುವ ಪೆಲ್ಲಾಗ್ರ ರೋಗ ಕಂಡುಬಂದುದನ್ನು ಹೈದರಾಬಾದಿನ ಆಹಾರವಿಜ್ಞಾನಿಗಳು ಪರಿಶೋಧಿಸಿರುವರು. ರಾಗಿಯೂ ನುಣ್ಣಗೆ ಬೀಸಲ್ಪಟ್ಟು, ದೊಡ್ಡ ಮುದ್ದೆಯಾಗಿ, ತೆಳುವಾದ ಸಾರಿನೊಡನೆ ಹೊಟ್ಟೆ ಸೇರಿದರೆ ರಕ್ತದಲ್ಲಿ ಸಕ್ಕರೆಯನ್ನು ಏರಿಸದೆ ಬಿಡದು. ಬಿಳಿಯ ಅಕ್ಕಿಯ ಬದಲು ಗೋಧಿಯ ಅಥವಾ ಕಿರುಧಾನ್ಯದ ಹಿಟ್ಟನ್ನು ಅಷ್ಟೇ ಪ್ರಮಾಣದಲ್ಲಿ ತಿನ್ನುವುದರಿಂದ ಮಾತ್ರವೇ ಅಪಾಯ ತಗ್ಗುವುದಿಲ್ಲ, ಪಿಷ್ಟದ ಒಟ್ಟು ಪ್ರಮಾಣ ಇಳಿದು ಕಾಳು, ಹಾಲುಗಳ ಸತ್ತ್ವ ಏರಬೇಕು ಎಂಬುದು ಅದೇ ಸಮೀಕ್ಷೆಯ ಮುಂದುವರಿದ ಭಾಗವಾಗಿ 2025ರಲ್ಲಿ ಹೊರಬಿದ್ದ ಅಭಿಪ್ರಾಯ. ಇದು ಹೊಸ ಮಾತಲ್ಲ. ಕಾರ್ನಿಷ್ 1877ರಲ್ಲಿ ಹೇಳಿದ ಮಾತು, ಮೆಕ್ಯಾರಿಸನ್ನನ ಇಲಿಗಳು ತೋರಿಸಿದ ಮಾತು, ಅಕ್ಕಡಿ ಸಾಲು ಮಾತಿಲ್ಲದೆ ನಡೆಸಿಕೊಂಡು ಬಂದ ಮಾತು. ಹೊಲದಲ್ಲಿ ಆರು ಸಾಲು ದಾಟಿ ನಾಲ್ಕು ಹೆಜ್ಜೆ ನಡೆದ ಶ್ರಮವೂ ಆ ಊಟಕ್ಕೆ ಸೇರಿದ್ದಿತು. ಕುರ್ಚಿಯಲ್ಲಿ ಕುಳಿತು ಉತ್ತವನ ಮುದ್ದೆಯನ್ನು ಉಂಡರೆ ಉತ್ತವನ ಆರೋಗ್ಯ ಬರುವುದಿಲ್ಲ.

ಹಾಗಾದರೆ ಆಯ್ಕೆ ಯಾರ ಕೈಯಲ್ಲಿದೆ? ಸ್ವಲ್ಪ ನಮ್ಮ ಕೈಯಲ್ಲಿ, ಬಹಳ ಮಟ್ಟಿಗೆ ಸಮಾಜದ ಕೈಯಲ್ಲಿ. ಬೆಣ್ಣೆಚಾವಡಿಯ ಕಾಲದಲ್ಲಿ ಹಾಲಿನ ಸಾರವು ಹಳ್ಳಿಯಿಂದ ಅರಮನೆಗೆ ಹರಿಯಿತು. 2013ರ ಕ್ಷೀರಭಾಗ್ಯದಿಂದ ಅದು ಶಾಲೆಯ ಮಕ್ಕಳ ಲೋಟಕ್ಕೆ ಹರಿಯುವಂತಾಯಿತು. 2024ರಲ್ಲಿ ಅದಕ್ಕೆ ರಾಗಿಯ ಮಿಶ್ರಣವೂ ಸೇರಿತು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣವೆಂಬ ಏರ್ಪಾಡಿನಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಬಂದಿತು. ಮೈಸೂರಿನ ಆಸ್ಪತ್ರೆಯ ಪುಸ್ತಕವನ್ನು ಓದಿದವರಿಗೆ, ಇವೆಲ್ಲ ದಾನವಲ್ಲ, ಐವತ್ತು ವರ್ಷದ ಮುಂದಿನ ಆಸ್ಪತ್ರೆಯ ಖರ್ಚನ್ನು ಇಂದೇ ಉಳಿಸುವ ವಿವೇಕವೆಂದು ತೋರುವುದು. ಇಂತಹ ಏರ್ಪಾಡುಗಳು ಕಡತದಲ್ಲಿದ್ದರೆ ಸಾಲದು. ಎಮ್ಮೆದೊಡ್ಡಿಯಂತಹ ಊರಿನ ಕಟ್ಟಕಡೆಯ ಮನೆಯ ಬಸುರಿಯ ತಣಿಗೆಯಲ್ಲಿ ಕಾಳೂ ಸೊಪ್ಪೂ ಮೊಟ್ಟೆಯೂ ಹಾಲೂ ನಿಜವಾಗಿ ಬಿದ್ದುವೇ ಎಂದು ವಿಚಾರಿಸುವುದು ವಿದ್ಯಾವಂತರ ಹೊಣೆ.

ಸ್ವಂತ ಮನೆಯ ಮಟ್ಟಿಗೆ ನಮಗೆ ಉಳಿಯುವ ಕರ್ತವ್ಯ ಸರಳವಾದುದು. ಅನ್ನವಾಗಲಿ ಮುದ್ದೆಯಾಗಲಿ, ಅದರ ಗಾತ್ರ ಕೊಂಚ ಕುಗ್ಗಲಿ. ಪಕ್ಕದಲ್ಲಿ ಅವರೆ, ಹುರುಳಿ, ತೊಗರಿಗಳು ಗಟ್ಟಿಯಾಗಿ ಇರಲಿ. ಸೊಪ್ಪು ಹಬ್ಬದ ವಸ್ತುವಾಗದೆ ದಿನದ ವಸ್ತುವಾಗಲಿ. ಅಕ್ಕಿಯ ಬಿಳುಪನ್ನು ನೋಡಿ ಬೆಲೆ ಕಟ್ಟುವ ಚಪಲ ಬಿಡಲಿ. ಮಜ್ಜಿಗೆಯ ಸ್ಥಾನವನ್ನು ಸಕ್ಕರೆಯ ಪಾನಕಗಳು ಆಕ್ರಮಿಸದಿರಲಿ. ಮುಖ್ಯವಾಗಿ, ಅಡಿಗೆ ಮಾಡಿದವಳು ಎಲ್ಲರೊಡನೆ ಕುಳಿತು, ಎಲ್ಲರಷ್ಟೇ ಉಣ್ಣಲಿ. ಹಗೇವುಗಳು ಮುಚ್ಚಿಹೋದುವು, ಅವನ್ನು ಮತ್ತೆ ತೋಡುವುದು ಸಾಧ್ಯವೂ ಅಲ್ಲ, ಅವಶ್ಯವೂ ಅಲ್ಲ. ಆದರೆ ಬರುವ ವರ್ಷಗಳಿಗಾಗಿ ಇಂದು ಕೂಡಿಡಬೇಕೆಂಬ ಅವುಗಳ ಪಾಠ ಇಂದಿಗೂ ಸಲ್ಲುವುದು. ಆರೋಗ್ಯವನ್ನು ಕೂಡಿಡುವ ಕಣಜ ದೇಹವೇ. ಅದರೊಳಗೆ ದಿನದಿನವೂ ಹಾಕಿದುದನ್ನೇ ನಾವೂ ನಮ್ಮ ಮಕ್ಕಳೂ ಮುಂದೆ ತೆಗೆದು ಉಣ್ಣಬೇಕಾಗಿದೆ.